ಯೋಮ್ ಕಿಪ್ಪೂರ್ ಎಂದರೇನು? ಯಹೂದಿಗಳಿಗೆ ಈ ಉಪವಾಸದ ದಿನ ಏಕೆ ಮುಖ್ಯ?

ಹಬ್ಬವೆಂದರೆ ಸಿಹಿ ಅಡುಗೆ, ಸಡಗರ ಎನ್ನುವುದು ರೂಢಿ. ಆದರೆ ಯಹೂದಿಗಳ ಅತ್ಯಂತ ಪವಿತ್ರ ದಿನವಾದ ಯೋಮ್ ಕಿಪ್ಪೂರ್‌ನಂದು ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಹೀಬ್ರೂ ಭಾಷೆಯ ಈ ಹೆಸರಿಗೆ ‘ಪ್ರಾಯಶ್ಚಿತ್ತದ ದಿನ’ ಎಂದರ್ಥ.

ಯಾವಾಗ ಆಚರಣೆ?

ಯಹೂದಿ ಪಂಚಾಂಗದ ತಿಶ್ರಿ ತಿಂಗಳ ಮೊದಲ ದಿನ ‘ರೋಶ್ ಹಶಾನಾ’, ಅಂದರೆ ಹೊಸ ವರ್ಷ. ಹತ್ತನೇ ದಿನ ಯೋಮ್ ಕಿಪ್ಪೂರ್. ಇದು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಬರುತ್ತದೆ. ದೇವರು ಹೊಸ ವರ್ಷದಂದು ಪ್ರತಿಯೊಬ್ಬರ ಹಣೆಬರಹ ಬರೆದು, ಹತ್ತನೇ ದಿನ ಅದಕ್ಕೆ ಮುದ್ರೆ ಒತ್ತುತ್ತಾನೆ ಎಂಬುದು ನಂಬಿಕೆ. ನಡುವಿನ ದಿನಗಳು ತಪ್ಪು ತಿದ್ದಿಕೊಳ್ಳಲು ಸಿಗುವ ಅವಕಾಶ.

ಮೊದಲು ಮನುಷ್ಯರ ಬಳಿ ಕ್ಷಮೆ

ಬರೀ ಉಪವಾಸ, ಪ್ರಾರ್ಥನೆಗಳಿಂದ ಎಲ್ಲ ಪಾಪ ಕಳೆಯುವುದಿಲ್ಲ. ಇನ್ನೊಬ್ಬರಿಗೆ ಅನ್ಯಾಯ ಮಾಡಿದ್ದರೆ, ಅವರನ್ನು ಸಮಾಧಾನಪಡಿಸುವವರೆಗೆ ಈ ದಿನವೂ ಪರಿಹಾರ ನೀಡದು ಎನ್ನುತ್ತದೆ ಯಹೂದಿ ಧರ್ಮಗ್ರಂಥ ಮಿಶ್ನಾ. ಹೀಗಾಗಿ ಹಬ್ಬಕ್ಕೆ ಮೊದಲೇ ಬಂಧುಗಳು, ಸ್ನೇಹಿತರು, ನೆರೆಹೊರೆಯವರ ಬಳಿ ಹೋಗಿ ಕ್ಷಮೆ ಕೇಳುವ ಪದ್ಧತಿಯಿದೆ. ಮೋಸದಿಂದ ಪಡೆದ ಹಣವಿದ್ದರೆ ಹಿಂತಿರುಗಿಸಲೇಬೇಕು. ‘ಈಗ ತಪ್ಪು ಮಾಡೋಣ, ಆಮೇಲೆ ಪ್ರಾಯಶ್ಚಿತ್ತ ಇದ್ದೇ ಇದೆಯಲ್ಲ’ ಎನ್ನುವವರಿಗೆ ಇದರ ಫಲವಿಲ್ಲ ಎಂದೂ ಅದೇ ಗ್ರಂಥ ಎಚ್ಚರಿಸುತ್ತದೆ.

ಉಪವಾಸ ಹೇಗೆ?

ಹಿಂದಿನ ದಿನ ಸೂರ್ಯಾಸ್ತಕ್ಕೆ ಮುನ್ನ ಆರಂಭವಾಗುವ ಉಪವಾಸ ಸುಮಾರು 25 ಗಂಟೆ ನಡೆಯುತ್ತದೆ. ಅನ್ನ, ನೀರು ಎರಡೂ ಇಲ್ಲ. ಸ್ನಾನ, ಸುಗಂಧ ಲೇಪನ, ದಾಂಪತ್ಯ ಸುಖ ಹಾಗೂ ಚರ್ಮದ ಪಾದರಕ್ಷೆಯೂ ನಿಷಿದ್ಧ. ಹಲವರು ಬಿಳಿ ಬಟ್ಟೆ ಧರಿಸುತ್ತಾರೆ. ಆದರೆ ಜೀವ ಉಳಿಸುವುದೇ ದೊಡ್ಡ ಧರ್ಮ. ಉಪವಾಸದಿಂದ ಪ್ರಾಣಕ್ಕೆ ಅಪಾಯವಿರುವ ರೋಗಿಗಳು ಊಟ ಮಾಡಲೇಬೇಕು. ಮಕ್ಕಳಿಗೂ ಉಪವಾಸ ಕಡ್ಡಾಯವಲ್ಲ.

ಇಸ್ರೇಲ್ ಸ್ತಬ್ಧ

ಅಂದು ಇಸ್ರೇಲ್‌ನಲ್ಲಿ ವಿಮಾನ ನಿಲ್ದಾಣ, ಬಸ್, ಅಂಗಡಿಗಳು ಬಂದ್. ಖಾಲಿ ಹೆದ್ದಾರಿಗಳಲ್ಲಿ ಮಕ್ಕಳು ಸೈಕಲ್ ಓಡಿಸುತ್ತಾರೆ. 1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ದಾಳಿ ನಡೆಸಿದ್ದು ಇಂಥದೇ ನಿಶ್ಶಬ್ದ ಮಧ್ಯಾಹ್ನ. 2,600ಕ್ಕೂ ಹೆಚ್ಚು ಇಸ್ರೇಲಿ ಸೈನಿಕರು ಬಲಿಯಾದ ಆ ಯುದ್ಧಕ್ಕೆ ಹಬ್ಬದ ಹೆಸರೇ ಉಳಿಯಿತು. ಅಲ್ಲಿನ ಅನೇಕ ಕುಟುಂಬಗಳಿಗೆ ಇದು ಅಗಲಿದವರನ್ನು ನೆನೆಯುವ ದಿನವೂ ಹೌದು.

ಮುಂಬೈನಲ್ಲೂ ಉಂಟು

ಭಾರತದ ಬೆನೆ ಇಸ್ರೇಲ್ ಯಹೂದಿಗಳೂ ಈ ದಿನವನ್ನು ಆಚರಿಸುತ್ತಾರೆ. ಮುಂಬೈನ ಮಾಂಡ್ವಿಯಲ್ಲಿ 1796ರಲ್ಲಿ ಸ್ಥಾಪನೆಯಾದ ಅವರ ಪ್ರಾರ್ಥನಾ ಮಂದಿರದ ಹೆಸರು ‘ಶಾರ್ ಹರಹಮೀಮ್’, ಅಂದರೆ ‘ಕರುಣೆಯ ಬಾಗಿಲು’. ಯೋಮ್ ಕಿಪ್ಪೂರ್‌ನ ಕೊನೆಯ ಪ್ರಾರ್ಥನೆ ‘ನೆಯಿಲಾ’. ಸ್ವರ್ಗದ ಬಾಗಿಲು ಮುಚ್ಚುವ ಮುನ್ನ ಮಾಡುವ ಕೊನೆಯ ಮೊರೆ ಅದು. ಬಳಿಕ ಟಗರಿನ ಕೊಂಬಿನ ಕಹಳೆ ‘ಶೋಫಾರ್’ ದೀರ್ಘವಾಗಿ ಮೊಳಗುತ್ತದೆ, ಉಪವಾಸ ಮುಗಿಯುತ್ತದೆ.