ಪುರುವಿಗೆ ಹೆಂಡತಿ ಇದ್ದಿದ್ದರೆ?

ಇಪ್ಪತ್ತೆರಡು ವರ್ಷದ ಗಿರೀಶ ಕಾರ್ನಾಡನಿಗೆ ಕನ್ನಡದಲ್ಲಿ ನಾಟಕ ಬರೆಯುವ ಆಸೆ ಎಳ್ಳಷ್ಟೂ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ಇಂಗ್ಲಿಷ್ ಕವಿಯ ಪಟ್ಟ. ಎಲಿಯಟ್‌ನಂತೆ ಹೆಸರು ಮಾಡಬೇಕು, ಬಿಲಾಯತಿಯಲ್ಲಿ ನೆಲೆಯೂರಬೇಕು ಎಂಬುದು ಹರೆಯದಿಂದ ಕಟ್ಟಿಕೊಂಡು ಬಂದ ಕನಸು. ಅದಕ್ಕೆ ಅವನ ತಯಾರಿಯೂ ಪಕ್ಕಾ ಇತ್ತು. ಧಾರವಾಡದ ಸಪ್ತಾಪುರದ ಮಗ್ಗುಲಿಗಿರುವ ಕರ್ನಾಟಕ ಕಾಲೇಜಿನಲ್ಲಿ ಅವನು ಆರಿಸಿಕೊಂಡದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಆ ವಿಷಯಗಳ ಮೇಲೆ ವಿಶೇಷ ಮೋಹವೇನೂ ಇರಲಿಲ್ಲ. ಸಾಹಿತ್ಯದ ಉತ್ತರಪತ್ರಿಕೆಗೆ ಯಾರೂ ಕೈಬಿಚ್ಚಿ ಅಂಕ ಕೊಡುವುದಿಲ್ಲ, ಲೆಕ್ಕ ಸರಿಯಾದರೆ ಮಾತ್ರ ಯಾರೂ ಕಡಿಯುವಂತಿಲ್ಲ. ಅಂಕ ಬಂದರೆ ವಿದ್ಯಾರ್ಥಿವೇತನ, ವಿದ್ಯಾರ್ಥಿವೇತನ ಬಂದರೆ ಪರದೇಶ. ಕವಿ ಬೇಂದ್ರೆಯವರು ಕಣ್ಣೆದುರಿಗೇ ಓಡಾಡುತ್ತಿದ್ದ ಊರಿನಲ್ಲಿ ಕೂತು ಒಬ್ಬ ಹುಡುಗ ಹೀಗೆ ಲೆಕ್ಕ ಹಾಕುತ್ತಿದ್ದ.

ಅವನಿಗೆ ಇನ್ನೊಂದು ಹುಚ್ಚಿತ್ತು. ಜಗತ್ತಿನ ದೊಡ್ಡ ಲೇಖಕರ ಚಿತ್ರ ಬರೆದು ಅವರಿಗೇ ಅಂಚೆಯಲ್ಲಿ ಕಳಿಸಿ, ಸಹಿ ಹಾಕಿ ಕೊಡಿ ಎಂದು ಕೇಳುತ್ತಿದ್ದ. ಐರ್ಲೆಂಡಿನ ನಾಟಕಕಾರ ಶಾನ್ ಓಕೇಸಿಯಿಂದ ಬಂದದ್ದು ಸಹಿಯಲ್ಲ, ಬುದ್ಧಿಮಾತು: ಇದರಲ್ಲಿ ಹೊತ್ತು ಕಳೆಯಬೇಡ, ಮುಂದೊಂದು ದಿನ ಜನ ನಿನ್ನ ಸಹಿ ಕೇಳುವಂಥದ್ದೇನಾದರೂ ಮಾಡು. ಹುಡುಗ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಆದರೆ ಆ ಸಹಿ ಯಾವ ಭಾಷೆಯದಾಗುತ್ತದೆಂಬುದು ಅವನಿಗಾಗಲಿ ಓಕೇಸಿಗಾಗಲಿ ತಿಳಿದಿರಲಿಲ್ಲ.

1958ರಲ್ಲಿ ಪದವಿ ಮುಗಿಯಿತು. ಮುಂದೆ ಮುಂಬೈ. ಅಲ್ಲೊಂದು ಸಂಜೆ ಇಬ್ರಾಹಿಂ ಅಲ್ಕಾಜಿ ನಿರ್ದೇಶಿಸಿದ ಸ್ಟ್ರಿಂಡ್‌ಬರ್ಗ್‌ನ 'ಮಿಸ್ ಜೂಲಿ' ನೋಡಿ ಅವನು ತತ್ತರಿಸಿ ಹೊರಬಂದ. ಶಿರಸಿಯ ಬಾಲ್ಯದಲ್ಲಿ ಕಂಪನಿ ನಾಟಕ, ಯಕ್ಷಗಾನ ಎರಡನ್ನೂ ಕಣ್ತುಂಬ ನೋಡಿದವನೇ. ಆದರೆ ಮನುಷ್ಯರು ಒಬ್ಬರನ್ನೊಬ್ಬರು ಮಾತಿನಲ್ಲೇ ಹೀಗೆ ಹರಿದುಹಾಕುವುದನ್ನು ರಂಗದ ಮೇಲೆ ಅವನು ಕಂಡಿರಲಿಲ್ಲ. ದೀಪಗಳು ಮೆಲ್ಲಗೆ ಮಂಕಾಗಿ ಮತ್ತೆ ಮೆಲ್ಲಗೆ ಬೆಳಗುವುದೂ ಅವನಿಗೆ ಹೊಸದು. ನಾಟಕವೆಂದರೆ ಹೀಗೂ ಇರಬಹುದೇ ಎಂಬ ಪ್ರಶ್ನೆ ಒಳಗೆಲ್ಲೋ ಉಳಿದುಕೊಂಡಿತು. ಕವಿಯಾಗುವ ಹಟವಂತೂ ಸಡಿಲಲಿಲ್ಲ.

1960ರಲ್ಲಿ ಬೇಡಿದ್ದೇ ಬಂತು: ಆಕ್ಸ್‌ಫರ್ಡಿಗೆ ಹೋಗಲು ರೋಡ್ಸ್ ವಿದ್ಯಾರ್ಥಿವೇತನ. ಮನೆಯಲ್ಲಿ ಹಿಗ್ಗಿನ ಜೊತೆಗೇ ಕಳವಳವೂ ಕಾಲಿಟ್ಟಿತು. ಆ ಕಾಲಕ್ಕೆ ಪರದೇಶಕ್ಕೆ ಹೋಗುವುದೆಂದರೆ ಅರ್ಧ ಕೈತಪ್ಪಿದಂತೆಯೇ. ಹೋದವನು ಅಲ್ಲೇ ಉಳಿದುಬಿಟ್ಟರೆ? ಬಿಳಿ ಹೆಣ್ಣನ್ನು ಕಟ್ಟಿಕೊಂಡರೆ? ತಿರುಗಿ ಬರುತ್ತೇನೆಂದು ಮಾತು ಕೊಟ್ಟು ಹೋಗಬಾರದೇ? ಹಿರಿಯರ ಋಣ, ಮನೆತನ, ದೇಶ ಎಲ್ಲವೂ ಒಂದೊಂದಾಗಿ ಹುಡುಗನ ಹೆಗಲೇರಿದವು. ಒತ್ತಾಯಿಸಿದವರೆಲ್ಲ ಅವನನ್ನು ಪ್ರೀತಿಸುವವರೇ. ಸಂಕಟ ಇದ್ದದ್ದೂ ಅಲ್ಲಿಯೇ. ಶತ್ರುಗಳಾಗಿದ್ದರೆ ಬೈದು ಹೊರಟುಬಿಡಬಹುದಿತ್ತು.

ಈ ಗೊಂದಲದ ನಡುವೆ, ಪೆಟ್ಟಿಗೆ ಕಟ್ಟುವ ದಿನಗಳಲ್ಲಿ, ಅವನು ಬರೆಯತೊಡಗಿದ. ಬಂದದ್ದು ಕವಿತೆಯಲ್ಲ, ನಾಟಕ. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಪೌರಾಣಿಕ ಕತೆಗಳಿಂದ ತಾನು ಎಂದೋ ದೂರ ಬಂದೆನೆಂದು ನಂಬಿದ್ದವನಿಗೆ ಸಿಕ್ಕಿದ್ದು ಮಹಾಭಾರತದ ಆದಿಪರ್ವದ ಕತೆ. ರಾಜಾಜಿಯವರ ಸಂಗ್ರಹ ಮಹಾಭಾರತದಲ್ಲಿ ಓದಿದ ಯಯಾತಿಯ ಪ್ರಸಂಗ ಅವನನ್ನು ಹಿಡಿದುಕೊಂಡಿತ್ತು. ಪಾತ್ರಗಳು ಕಿವಿಯಲ್ಲಿ ಮಾತಾಡುತ್ತಿದ್ದವು, ತಾನು ಉಕ್ತಲೇಖನ ಬರೆದುಕೊಳ್ಳುವವನಂತೆ ಕೂತಿದ್ದೆ ಎಂದು ಮುಂದೆ ಹಲವು ಸಲ ಕಾರ್ನಾಡರು ಹೇಳಿಕೊಂಡರು. ಲೇಖಕರು ಇಂಥದ್ದನ್ನು ಹೇಳಿದಾಗ ಅರ್ಧ ನಂಬುವುದು ಒಳ್ಳೆಯದು. ಆದರೆ ಇಲ್ಲಿ ಪೂರ್ತಿ ನಂಬಲು ಕಾರಣವಿದೆ: ಆ ಹುಡುಗನ ಯಾವ ಯೋಜನೆಯಲ್ಲೂ ಈ ನಾಟಕಕ್ಕೆ ಜಾಗವಿರಲಿಲ್ಲ.

ಮೂಲ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ದೇವಯಾನಿಯ ಗಂಡ ಯಯಾತಿ ಗುಟ್ಟಾಗಿ ಶರ್ಮಿಷ್ಠೆಯನ್ನು ಕೂಡಿದ. ಮಾವ ಶುಕ್ರಾಚಾರ್ಯ ಸಿಟ್ಟಿಗೆದ್ದು ಅಕಾಲ ಮುಪ್ಪಿನ ಶಾಪ ಕೊಟ್ಟ. ಯಾರಾದರೂ ಆ ಮುಪ್ಪನ್ನು ತೆಗೆದುಕೊಂಡು ತಮ್ಮ ಹರೆಯ ಕೊಟ್ಟರೆ ಯಯಾತಿ ಪಾರಾಗಬಹುದು. ಮಕ್ಕಳನ್ನು ಕೇಳಿದ. ಯದು, ತುರ್ವಸು, ದ್ರುಹ್ಯು, ಅನು ಒಲ್ಲೆವೆಂದರು. ಕಿರಿಯವನು ಪುರು ಒಪ್ಪಿದ. ಸಾವಿರ ವರ್ಷ ಸುಖಪಟ್ಟು, ಆಸೆ ತಣಿಯದೆಂದು ಅರಿತ ತಂದೆ ಮಗನಿಗೆ ಹರೆಯ ಮರಳಿಸಿ ರಾಜ್ಯ ಕೊಟ್ಟ. ಭೋಗದಿಂದ ಭೋಗ ತೀರದು ಎಂಬ ಪಾಠಕ್ಕೆ ಹರಿದಾಸರೂ ಪುರಾಣ ಹೇಳುವವರೂ ಈ ಕತೆಯನ್ನು ಬಳಸುತ್ತ ಬಂದಿದ್ದರು. ಮರಾಠಿಯಲ್ಲಿ ಖಾಂಡೇಕರರ 'ಯಯಾತಿ' ಕಾದಂಬರಿ ಆಗಷ್ಟೇ, 1959ರಲ್ಲಿ, ಹೊರಬಂದಿತ್ತು.

ಗಿರೀಶ ಎಡವಿದ್ದು ಬೇರೊಂದು ಕಲ್ಲಿಗೆ. ಪುರುವಿಗೆ ಹೆಂಡತಿ ಇದ್ದಿದ್ದರೆ? ತಂದೆಗಾಗಿ ಹರೆಯ ಕೊಟ್ಟ ಮಗನನ್ನು ಪುರಾಣ ಹೊಗಳುತ್ತದೆ, ಸರಿ. ಆ ದಿನ ಅವನ ಕೋಣೆಯಲ್ಲಿ ಹೊಸ ಮದುವಣಗಿತ್ತಿ ಕಾಯುತ್ತಿದ್ದರೆ ಅವಳ ಗತಿ ಏನು? ಮಹಾಭಾರತದ ಈ ಪ್ರಸಂಗದಲ್ಲಿ ಆ ಹೆಣ್ಣಿಲ್ಲ. ನಾಟಕದಲ್ಲಿ ಬಂದಳು. ಹೆಸರು ಚಿತ್ರಲೇಖೆ. ಮೊದಲು ಗಂಡನ ತ್ಯಾಗಕ್ಕೆ ಹೆಮ್ಮೆಪಟ್ಟವಳು ಮುಪ್ಪಡರಿದ ಅವನ ಮುಖ ಕಂಡು ನಡುಗಿಹೋದಳು. ಆಮೇಲೆ ನೇರ ಮಾವನ ಮುಂದೆ ನಿಂತಳು. ನನ್ನ ಗಂಡನ ಹರೆಯವನ್ನು ನೀವು ತೆಗೆದುಕೊಂಡ ಮೇಲೆ, ಆ ಹರೆಯದೊಂದಿಗೆ ಬಂದ ನನ್ನನ್ನೂ ತೆಗೆದುಕೊಳ್ಳಬೇಕಲ್ಲ ಎಂಬುದು ಅವಳ ವಾದ. ಯಯಾತಿ ಬೆಚ್ಚಿದ, ಉತ್ತರವಿರಲಿಲ್ಲ. ಅವಳು ವಿಷ ಕುಡಿದಳು.

ಹಡಗು ಮುಂಬೈ ಬಿಟ್ಟಿತು. ಇಂಗ್ಲೆಂಡ್ ಮುಟ್ಟಲು ಮೂರು ವಾರ. ಸುತ್ತಲೂ ನೀರು, ಕೈಯಲ್ಲಿ ಕನ್ನಡದ ಹಸ್ತಪ್ರತಿ. ಬರೆದದ್ದನ್ನು ತಿದ್ದುತ್ತ, ಹೊಡೆದುಹಾಕುತ್ತ, ಮತ್ತೆ ಬರೆಯುತ್ತ ಆ ದಿನಗಳು ಕಳೆದವು. ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಒಂಟಿತನದಲ್ಲೂ ಅದೇ ಕೆಲಸ ಮುಂದುವರಿಯಿತು. ಮಾದರಿಗೆಂದು ಅವನ ಬಳಿ ಇದ್ದವರು ಅನ್ವಿ, ಸಾರ್ತ್ರ್, ಓನೀಲ್, ಹಳೆಯ ಗ್ರೀಕರು. ಅವರನ್ನೂ ರಂಗದ ಮೇಲೆ ನೋಡಿದವನಲ್ಲ, ಪುಸ್ತಕದಲ್ಲಿ ಓದಿದವನು. ಇಷ್ಟೆಲ್ಲ ಮಾಡುವಾಗಲೂ ತಾನು ಏನನ್ನು ಕುರಿತು ಬರೆಯುತ್ತಿದ್ದೇನೆಂದು ಯಾರಾದರೂ ಕೇಳಿದ್ದರೆ ಅವನು ಹೇಳಬಹುದಾಗಿದ್ದುದು ಯಯಾತಿಯ ಕತೆಯನ್ನಷ್ಟೇ. ಆ ಬರವಣಿಗೆ ತನಗೆ ಮನೆಯ ಒತ್ತಡದಿಂದ ತಪ್ಪಿಸಿಕೊಳ್ಳುವ ದಾರಿಯಾಗಿ ಮಾತ್ರ ಕಂಡಿತ್ತೆಂದು ಕಾರ್ನಾಡರೇ ಬರೆದಿದ್ದಾರೆ.

ಇತ್ತ ಧಾರವಾಡದ ಸುಭಾಸ ರಸ್ತೆಯಲ್ಲಿ ಒಂದು ಅಟ್ಟವಿತ್ತು. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ಅಟ್ಟ. 'ಜಡಭರತ' ಎಂಬ ಹೆಸರಿನಲ್ಲಿ ನಾಟಕ ಬರೆಯುತ್ತಿದ್ದ ಜಿ.ಬಿ. ಜೋಶಿಯವರು ಅದರ ಯಜಮಾನರು. ಕೀರ್ತಿನಾಥ ಕುರ್ತಕೋಟಿಯವರು ಅದರ ಕಣ್ಣು. ಒಳ್ಳೆಯ ಹಸ್ತಪ್ರತಿಯನ್ನು ಮೂಸಿ ನೋಡಿ ಹೇಳಬಲ್ಲ ಜನ. ಹೆಸರಿಲ್ಲದ ಹುಡುಗನೊಬ್ಬನ ಮೊದಲ ನಾಟಕ ಅವರ ಕೈಗೆ ಬಂತು. 1961ರಲ್ಲಿ, ಬರೆದವನು ಇನ್ನೂ ಆಕ್ಸ್‌ಫರ್ಡಿನಲ್ಲಿರುವಾಗಲೇ, 'ಯಯಾತಿ' ಅಚ್ಚಾಯಿತು. ಇಂಗ್ಲಿಷ್ ಕವಿಯಾಗಲು ಹೋದವನು ಅಲ್ಲಿರುವಾಗಲೇ ಕನ್ನಡದ ನಾಟಕಕಾರನಾಗಿಬಿಟ್ಟ. 1963ರಲ್ಲಿ ತಿರುಗಿ ಬಂದ. ಮರುವರ್ಷವೇ 'ತುಘಲಕ್', ಬರ್ನಾರ್ಡ್ ಶಾ ಬರೆದಂಥ ಐತಿಹಾಸಿಕ ನಾಟಕ ಕನ್ನಡದಲ್ಲಿ ಇಲ್ಲವೆಂದು ಕುರ್ತಕೋಟಿಯವರು ಆಡಿದ್ದ ಮಾತು ಅದಕ್ಕೆ ಕಿಡಿ.

'ತುಘಲಕ್'ನ ಆಶಯವನ್ನು ಓದುಗರು ಬೇಗ ಹಿಡಿದರು. ಆದರ್ಶದಿಂದ ಹೊರಟ ಆಳ್ವಿಕೆ ಹತಾಶೆಗೆ ಇಳಿದದ್ದು ನೆಹರೂ ಯುಗವನ್ನು ಕಂಡವರಿಗೆ ಪರಿಚಿತವೆನಿಸಿತು. ಇಂಗ್ಲಿಷ್ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಅನಂತಮೂರ್ತಿಯವರು ಅದನ್ನು ಗುರುತಿಸಿದರು. 'ಯಯಾತಿ' ಮಾತ್ರ ಬಿಡಿಸಲಾಗದ ಗಂಟಾಗಿ ಉಳಿಯಿತು. ಕೆಲವರು ಅದನ್ನು ಕಾಮದ ನಾಟಕವೆಂದರು. ಸಾರ್ತ್ರ್‌ನ ನೆರಳು ಕಂಡವರು ಅಸ್ತಿತ್ವವಾದದ ಚೀಟಿ ಅಂಟಿಸಿದರು. ಹೊಣೆಗಾರಿಕೆಯ ನಾಟಕವೆಂದವರೂ ಇದ್ದರು. ಯಾವುದೂ ಪೂರ್ತಿ ತಪ್ಪಲ್ಲ. ಆದರೆ ಚಿತ್ರಲೇಖೆ ಯಾಕೆ ಸಾಯಬೇಕಾಯಿತು ಎಂಬುದಕ್ಕೆ ಈ ಚೀಟಿಗಳಲ್ಲಿ ಉತ್ತರವಿರಲಿಲ್ಲ.

ಗಂಟು ಸಡಿಲಾದದ್ದು ಎರಡು ಕಡೆಯಿಂದ. ಒಂದು ತುದಿ ಎ.ಕೆ. ರಾಮಾನುಜನ್ ಅವರ ಕೈಯಲ್ಲಿತ್ತು. ಒಂದು ಕಾಲಕ್ಕೆ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಕಾರ್ನಾಡರಿಗೆ ಕಾಲೇಜು ದಿನಗಳಿಂದಲೇ ಪರಿಚಿತರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಜ್ಜಿಯರ ಬಾಯಿಂದ ಕತೆ ಬರೆದುಕೊಂಡ ಈ ಮನುಷ್ಯನನ್ನು ಒಂದು ಸಂಗತಿ ಕಾಡಿತು. ಗ್ರೀಕ್ ಕತೆಯಲ್ಲಿ ಈಡಿಪಸ್ ತಂದೆಯನ್ನು ಕೊಲ್ಲುತ್ತಾನೆ. ಫ್ರಾಯ್ಡ್ ಅದನ್ನು ಇಡೀ ಮನುಕುಲದ ಕತೆಯೆಂದ. ನಮ್ಮ ಕತೆಗಳಲ್ಲಿ ಹಾಗೆ ಕೊಲ್ಲುವ ಮಗ ಸುಲಭಕ್ಕೆ ಸಿಗುವುದಿಲ್ಲ. ಸಿಗುವವರು ಭೀಷ್ಮ, ಪುರು: ತಂದೆಯ ಆಸೆಗೆ ತಮ್ಮ ಸಂಸಾರಸುಖವನ್ನೇ ಬಿಟ್ಟುಕೊಟ್ಟವರು. 'ಭಾರತೀಯ ಈಡಿಪಸ್' ಕುರಿತ ಪ್ರಬಂಧದಲ್ಲಿ ರಾಮಾನುಜನ್ ಈ ತಿರುವನ್ನು ಎತ್ತಿ ತೋರಿಸಿದರು.

ಇನ್ನೊಂದು ತುದಿ ಬರೆದವರಲ್ಲೇ ಇತ್ತು. 1994ರಲ್ಲಿ ತಮ್ಮ ಮೂರು ನಾಟಕಗಳ ಇಂಗ್ಲಿಷ್ ಸಂಪುಟಕ್ಕೆ ಮುನ್ನುಡಿ ಬರೆಯುವಾಗ ಕಾರ್ನಾಡರು 1960ರ ಆ ಮನೆಯತ್ತ ತಿರುಗಿ ನೋಡಿದರು. ಪೆಟ್ಟಿಗೆ ಕಟ್ಟುತ್ತಿದ್ದ ಮಗ, ಮಾತು ಕೊಟ್ಟು ಹೋಗೆನ್ನುತ್ತಿದ್ದ ಹಿರಿಯರು. ನಿನ್ನ ನಾಳೆಯನ್ನು ನಮಗೆ ಬಿಟ್ಟುಕೊಡು ಎಂದು ಎಲ್ಲರೂ ಕೇಳುತ್ತಿದ್ದಾರೆಂಬ ಒಳಗಿನ ಸಿಟ್ಟನ್ನು ಆ ಪುರಾಣ ಎಷ್ಟು ಕರಾರುವಾಕ್ಕಾಗಿ ಹಿಡಿದಿತ್ತೆಂದು ಅವರಿಗೇ ಬೆರಗಾಯಿತು. ಇಪ್ಪತ್ತೆರಡರ ಹುಡುಗ ಅರಿಯದೆ ಬರೆದದ್ದನ್ನು ಐವತ್ತು ದಾಟಿದ ನಾಟಕಕಾರ ಓದುಗನಾಗಿ ಅರ್ಥಮಾಡಿಕೊಂಡಿದ್ದರು.

ಈಗ ಸಪ್ತಾಪುರದ ಓಣಿಗಳಲ್ಲಿ ಕೋಚಿಂಗ್ ಕ್ಲಾಸುಗಳ ಬೋರ್ಡುಗಳೇ ಬೋರ್ಡುಗಳು. ಬಾಡಿಗೆ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಕೃತಿಯ ಆಶಯ ಒಂದು ಸಾಲಿನಲ್ಲಿ ಬೇಕು, ಎರಡು ಅಂಕಕ್ಕೆ. ಅವರ ಅವಸರವನ್ನು ಹಳಿಯುವಂತಿಲ್ಲ. ಅಂಕದ ಲೆಕ್ಕ ಹಾಕಿದ ಮೊದಲಿಗರೇನೂ ಅವರಲ್ಲ. ಆದರೆ 'ಯಯಾತಿ'ಯ ಆಶಯ ಮುಪ್ಪು ಎಂದು ಬರೆದರೆ ಅದು ಕತೆಯ ಸರಕನ್ನು ಹೇಳಿದಂತಾಯಿತೇ ಹೊರತು ನಾಟಕ ಹೇಳುವುದನ್ನಲ್ಲ. ಹುಡುಕಬೇಕಾದ ಜಾಗ ಚಿತ್ರಲೇಖೆ. ಲೇಖಕ ಹಳೆಯ ಕತೆಯನ್ನು ಎತ್ತಿಕೊಂಡಾಗ ಎಲ್ಲಿ ಮುರಿದ, ಏನನ್ನು ಸೇರಿಸಿದ, ಕೊನೆಯನ್ನು ಹೇಗೆ ಬದಲಿಸಿದ ಎಂದು ನೋಡಿದರೆ ಆಶಯ ಅಲ್ಲಿಯೇ ಸಿಗುತ್ತದೆ. ಮೂಲದಲ್ಲಿ ಯಯಾತಿ ತಣಿಯದೆ ಬೇಸತ್ತು ಹರೆಯ ಮರಳಿಸುತ್ತಾನೆ. ನಾಟಕದಲ್ಲಿ ಸೊಸೆಯ ಹೆಣ ಕಂಡು ಮರಳಿಸುತ್ತಾನೆ. ಮೂಲದಲ್ಲಿ ಪುರುವಿಗೆ ರಾಜ್ಯ ಬಹುಮಾನ. ನಾಟಕದಲ್ಲಿ ಅವನ ಪಾಲಿಗೆ ಉಳಿಯುವುದು ಇದಕ್ಕೆಲ್ಲ ಅರ್ಥವೇನೆಂಬ ಪ್ರಶ್ನೆ. ಹಿರಿಯರ ಆಸೆಯ ಬೆಲೆಯನ್ನು ಕಿರಿಯರು ತೆರುತ್ತಾರೆ, ಅದಕ್ಕೆ ತ್ಯಾಗವೆಂಬ ಹೆಸರಿಟ್ಟಾಗ ಯಾರೂ ಒಪ್ಪಿಗೆ ಕೇಳದ ಮೂರನೆಯವರೊಬ್ಬರು ನಾಶವಾಗುತ್ತಾರೆ. ಈ ಮಾತನ್ನು ಬೇರೆ ಪದಗಳಲ್ಲಿ ಹೇಳಬಹುದು. ಚಿತ್ರಲೇಖೆಯನ್ನು ಬಿಟ್ಟು ಹೇಳಲಾಗುವುದಿಲ್ಲ.

ಇನ್ನೊಂದು ಸಂಗತಿಯಿದೆ, ಆಶಯ ಹುಡುಕುವವರನ್ನು ಸುಲಭವಾಗಿ ದಾರಿ ತಪ್ಪಿಸುವಂಥದ್ದು. 2011ರಲ್ಲಿ ಅದೇ ಮನೋಹರ ಗ್ರಂಥಮಾಲೆಯಿಂದ ಬಂದ 'ಆಡಾಡತ ಆಯುಷ್ಯ' ಎಂಬ ಆತ್ಮಕಥೆಯ ಮೊದಲಿಗೇ ಕಾರ್ನಾಡರು ಅದನ್ನು ಹೇಳಿದ್ದಾರೆ. 1973ರಲ್ಲಿ ಧಾರವಾಡದ ಮನೆಯಲ್ಲಿ ಊಟಕ್ಕೆ ಕೂತಾಗ ತಾಯಿ, ಇವನು ಬೇಡವೆಂದುಕೊಂಡಿದ್ದೆವು ಎಂದು ಸಹಜವಾಗಿ ಹೇಳಿಬಿಟ್ಟರು. ಬಸುರಿಯಾಗಿದ್ದಾಗ ಅವರು ಪುಣೆಯ ಡಾ. ಮಧುಮಾಲತಿ ಗುಣೆಯವರ ದವಾಖಾನೆಗೆ ಹೋಗಿದ್ದರು. ವೈದ್ಯೆ ಇರಲಿಲ್ಲ. ಕಾದರು, ಬರಲಿಲ್ಲ, ಮನೆಗೆ ಮರಳಿದರು. ಆತ್ಮಕಥೆಯನ್ನು ಕಾರ್ನಾಡರು ಅರ್ಪಿಸಿದ್ದು ಆ ವೈದ್ಯೆಗೆ.

ಇದನ್ನು ಓದಿದವರಿಗೆ ಪುರು ನೆನಪಾಗದಿರುವುದು ಕಷ್ಟ. ಆದರೆ ನಾಟಕ ಬರೆದ 1960ರಲ್ಲಿ ಕಾರ್ನಾಡರಿಗೆ ಈ ವಿಷಯ ಗೊತ್ತಿರಲಿಲ್ಲ, ನಾಟಕದ ಯಾವ ಸಾಲಿಗೂ ಇದರ ಆಸರೆ ಬೇಕಿಲ್ಲ. ಇದು ಆತ್ಮಕಥೆಗೆ ಸಲ್ಲುವ ಸಂಗತಿ. 'ಯಯಾತಿ'ಯ ಆಶಯಕ್ಕೆ ಸಾಕ್ಷಿಯಾಗಿ ಇದನ್ನು ಕರೆಯುವಂತಿಲ್ಲ.