ಚಿಪ್ಪಿನೊಳಗಿನ ವಿಷಕ್ರಿಮಿ

ಶುಕ್ತಿಯೆಂದೊಡನೆ ಸಂಸ್ಕೃತವನ್ನೋದಿದ ನಮ್ಮಂಥವರಿಗೆ ಮುತ್ತಿನ ನೆನಪಾಗುವುದು ಸಹಜ. ಆದರೆ ಅಘನಾಶಿನಿಯ ಅಳಿವೆಯಲ್ಲಿ ಬಳಚನ್ನು ಹೆಕ್ಕಿ ಬಾಳುವ ಹೆಂಗಸರಿಗೂ, ಮಂಗಳೂರಿನ ಮನೆಗಳಲ್ಲಿ ಮರುವಾಯಿ ಬೇಯಿಸುವ ತಾಯಂದಿರಿಗೂ ಅದು ಅನ್ನದೊಡನೆ ಉಣ್ಣುವ ಪದಾರ್ಥ. ಆ ಚಿಪ್ಪಿನೊಳಗೆ ಒಮ್ಮೊಮ್ಮೆ ಮುತ್ತಿಗೆ ಬದಲು ಮೃತ್ಯುವೂ ಅಡಗಿರುವುದುಂಟೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಈ ಕ್ರಿಮಿಗೆ ವಿಬ್ರಿಯೊ ಎಂದು ಹೆಸರು. ಕಂಪಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಶಬ್ದವಿದು. ಕಾಲರಾ ರೋಗದ ಕ್ರಿಮಿಯೂ ಇದೇ ಕುಲದ್ದು. ಊರಿನ ಕೊಳಚೆ ಸೇರದೆಡೆಯಲ್ಲಿಯೂ, ಬೆಚ್ಚನೆಯ ಉಪ್ಪುನೀರಿನಲ್ಲಿ ಇವು ಸಹಜವಾಗಿಯೇ ಬಾಳುವುವು. ಆದಕಾರಣ ನೀರು ತಿಳಿಯಾಗಿದೆಯೆಂದು ನಂಬುವಂತಿಲ್ಲ. ಚಿಪ್ಪುಜೀವಿಯು ನೀರನ್ನು ಸೋಸಿ ಆಹಾರ ಪಡೆಯುವುದು. ದೊಡ್ಡ ಸಿಂಪಿಯೊಂದು ದಿನಕ್ಕೆ ೧೦೦ ಲೀಟರಿಗೂ ಹೆಚ್ಚು ನೀರನ್ನು ಸೋಸಬಲ್ಲುದು. ಹಾಗೆ ಸೋಸುವಾಗ ಕ್ರಿಮಿಗಳೂ ಒಳಗೆ ಸಂಚಯವಾಗುವುವು. ಬಣ್ಣದಿಂದಾಗಲಿ ವಾಸನೆಯಿಂದಾಗಲಿ ರುಚಿಯಿಂದಾಗಲಿ ಅದು ತಿಳಿಯದು.

೧೯೫೦ರಲ್ಲಿ ಜಪಾನಿನ ಒಸಾಕಾದಲ್ಲಿ ಅರೆ ಒಣಗಿಸಿದ ಎಳೆಯ ಮೀನನ್ನು ತಿಂದು ೨೭೨ ಮಂದಿ ಕಾಯಿಲೆ ಬಿದ್ದರು. ಅವರಲ್ಲಿ ೨೦ ಮಂದಿ ತೀರಿಕೊಂಡರು. ಆಗ ಫುಜಿನೊ ಎಂಬ ವಿಜ್ಞಾನಿಗಳು ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಪ್ರಭೇದವನ್ನು ಕಂಡುಹಿಡಿದರು. ಬೆಚ್ಚನೆಯ ಕಡಲಿನದೆಂದು ಭಾವಿಸಲಾಗಿದ್ದ ಈ ವ್ಯಾಧಿಯು ೨೦೦೪ರಲ್ಲಿ ಶೀತಲವಾದ ಅಲಾಸ್ಕಾದಲ್ಲಿಯೂ ಹಸಿ ಸಿಂಪಿ ತಿಂದವರನ್ನು ಕಾಡಿತು. ಆ ಬೇಸಗೆಯಲ್ಲಿ ಅಲ್ಲಿಯ ನೀರಿನ ಉಷ್ಣವು ೧೫ ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತ್ತು. ಕಡಲು ಕಾದಷ್ಟೂ ಕ್ರಿಮಿಯ ರಾಜ್ಯವು ವಿಸ್ತರಿಸುವುದೆಂಬುದಕ್ಕೆ ಇದು ನಿದರ್ಶನ.

ಸಾಮಾನ್ಯವಾಗಿ ಹೊಟ್ಟೆನೋವು, ವಾಂತಿ, ಭೇದಿಗಳು ಕಾಣಿಸಿ ಕೆಲವು ದಿನಗಳಲ್ಲಿ ಶಮನವಾಗುವುವು. ಆದರೆ ವಿಬ್ರಿಯೊ ವಲ್ನಿಫಿಕಸ್ ಎಂಬ ಇನ್ನೊಂದು ಪ್ರಭೇದವು ಮಹಾಕ್ರೂರಿ. ಯಕೃತ್ತಿನ ರೋಗವುಳ್ಳವರ ರಕ್ತವನ್ನು ಅದು ಹೊಕ್ಕರೆ ಒಂದೆರಡು ದಿನಗಳಲ್ಲಿಯೇ ಪ್ರಾಣಹಾನಿಯಾಗಬಹುದು. ಇದು ತಗುಲಿದ ಐವರಲ್ಲಿ ಸುಮಾರು ಒಬ್ಬರು ಬದುಕುವುದಿಲ್ಲ. ಚಿಪ್ಪು ತಾಗಿ ಕೈಕಾಲಿಗಾದ ಗಾಯದ ಮೂಲಕವೂ ಅದು ಪ್ರವೇಶಿಸುವುದು. ಆದ್ದರಿಂದ ಹೆಕ್ಕುವವರು ಗಾಯವನ್ನು ಒಡನೆಯೇ ಸಾಬೂನಿನಿಂದ ತೊಳೆಯಬೇಕು; ಅದು ಕೆಂಪೇರಿ ಬಾತುಕೊಂಡರೆ ವೈದ್ಯರಲ್ಲಿಗೆ ಹೋಗಲು ತಡಮಾಡಲಾಗದು.

ಗೃಹಿಣಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಬೇಯಿಸುವ ಮುನ್ನವೇ ಬಾಯಿ ತೆರೆದು, ತಟ್ಟಿದರೂ ಮುಚ್ಚದ ಚಿಪ್ಪನ್ನು ಎಸೆಯಿರಿ. ಕುದಿಯುವ ನೀರಿನಲ್ಲಿ ಚಿಪ್ಪು ತೆರೆದ ಮೇಲೂ ಐದು ನಿಮಿಷ ಬೇಯಿಸಿರಿ. ಬೆಂದರೂ ಬಾಯಿ ಬಿಡದುದನ್ನು ಬಡಿಸಬೇಡಿರಿ. ಹಸಿಯದನ್ನಿಟ್ಟ ಪಾತ್ರೆಗೆ ಬೆಂದುದನ್ನು ಹಾಕಲಾಗದು. ನಿಂಬೆಯ ಹುಳಿಯಾಗಲಿ ಮೆಣಸಿನ ಖಾರವಾಗಲಿ ಈ ಕ್ರಿಮಿಯನ್ನು ಕೊಲ್ಲಲಾರದು. ಹಿರಿಯರು ಅಗ್ನಿಯನ್ನು ಪಾವಕನೆಂದು, ಎಂದರೆ ಶುದ್ಧಿಗೊಳಿಸುವವನೆಂದು ಕರೆದರು. ಅಡಿಗೆಮನೆಯಲ್ಲಿ ಆ ಹೆಸರು ಇಂದಿಗೂ ಸಾರ್ಥಕವಾಗಿಯೇ ಇದೆ.