ಸಿಂಗಪುರದ ಪಗೋಡ ಬೀದಿ: ಅಂಗಡಿ-ಮನೆಗಳ ಚರಿತ್ರೆ ಹಾಗೂ ವಾಸ್ತು

ಆಗ್ನೇಯ ಏಷ್ಯಾದ ವಾಣಿಜ್ಯದ ಹೆಬ್ಬಾಗಿಲೆನಿಸಿದ ಸಿಂಗಪುರದಲ್ಲಿ ಚೀನೀಯರ ಹಳೆಯ ಪೇಟೆಯೊಂದಿದೆ. ಅಲ್ಲಿನ ಪಗೋಡ ಬೀದಿಯ ಹೆಸರನ್ನು ಕೇಳಿದವರು ಬೌದ್ಧ ಪಗೋಡವೊಂದನ್ನು ನಿರೀಕ್ಷಿಸುವುದು ಸಹಜ. ಆದರೆ ಆ ಹೆಸರಿಗೆ ಕಾರಣವಾದುದು ಬೀದಿಯ ಒಂದು ತುದಿಯಲ್ಲಿರುವ ಶ್ರೀ ಮಾರಿಯಮ್ಮನ್ ದೇವಾಲಯದ ಗೋಪುರ. ದಕ್ಷಿಣ ಭಾರತದ ಗೋಪುರಗಳನ್ನು ಅಂದಿನ ಆಂಗ್ಲರು ಪಗೋಡವೆಂದೇ ಕರೆಯುತ್ತಿದ್ದರು. ದೇವಾಲಯದ ಮತ್ತೊಂದು ಮಗ್ಗುಲಿನ ಟೆಂಪಲ್ ಬೀದಿಗೂ ಇದರಿಂದಲೇ ಹೆಸರು ಬಂದಿದೆ.

ಇಟ್ಟಿಗೆ ಗೂಡಿನ ವರ್ತಕ

ಈ ದೇವಾಲಯವನ್ನು 1827ರಲ್ಲಿ ಸ್ಥಾಪಿಸಿದವರು ನಾರಾಯಣ ಪಿಳ್ಳೆ ಎಂಬ ವರ್ತಕರು. ಸಿಂಗಪುರದಲ್ಲಿ ಬ್ರಿಟಿಷ್ ವಸಾಹತು ಆರಂಭವಾದ 1819ರಲ್ಲೇ ಅವರು ಸ್ಟ್ಯಾಮ್‌ಫೋರ್ಡ್ ರಾಫಲ್ಸ್‌ನ ಜೊತೆಗೆ ಪಿನಾಂಗ್‌ನಿಂದ ಅಲ್ಲಿಗೆ ಬಂದರು. ಮನೆ ಕಟ್ಟಲು ಇಟ್ಟಿಗೆಯ ಅಭಾವವಿರುವುದನ್ನು ಗಮನಿಸಿ ಇಟ್ಟಿಗೆ ಗೂಡನ್ನು ಸ್ಥಾಪಿಸಿದರು. ಬಟ್ಟೆಯ ವ್ಯಾಪಾರವನ್ನೂ ಕೈಗೊಂಡರು. 1822ರ ಬೆಂಕಿಯಲ್ಲಿ ಬಟ್ಟೆ ಅಂಗಡಿ ಸುಟ್ಟುಹೋಯಿತಾದರೂ ಅವರು ಮತ್ತೆ ಚೇತರಿಸಿಕೊಂಡರು. ಆರಂಭದಲ್ಲಿ ಮರ ಮತ್ತು ಗರಿಗಳಿಂದ ಕಟ್ಟಲಾಗಿದ್ದ ಗುಡಿ ಮುಂದೆ ಇಟ್ಟಿಗೆಯ ಕಟ್ಟಡವಾಯಿತು. ಈಗಿನ ಗೋಪುರವು 1925ರದು.

ಐದಡಿಯ ನಿಯಮ

1822ರಲ್ಲಿ ರಾಫಲ್ಸ್ ರೂಪಿಸಿದ ನಗರ ಯೋಜನೆಯು ನದಿಯ ನೈಋತ್ಯ ಭಾಗವನ್ನು ಚೀನೀಯರಿಗೆ ಮೀಸಲಿಟ್ಟಿತು. ಮನೆಗಳನ್ನು ಇಟ್ಟಿಗೆ ಮತ್ತು ಹೆಂಚಿನಿಂದ ಕಟ್ಟಬೇಕು, ಪ್ರತಿ ಮನೆಯ ಮುಂದೆ ನಿಗದಿತ ಆಳದ, ಸದಾ ತೆರೆದಿರುವ ಜಗಲಿಯಿದ್ದು ಬೀದಿಯುದ್ದಕ್ಕೂ ಸಾಲಾಗಿ ಸೇರಿಕೊಂಡಿರಬೇಕು ಎಂಬುದು ಅದರ ಮುಖ್ಯ ಷರತ್ತು. ಇದೇ ಮುಂದೆ ‘ಐದಡಿ ದಾರಿ’ ಎಂದು ಪ್ರಸಿದ್ಧವಾಯಿತು. ಮಲಯ ಭಾಷೆಯಲ್ಲಿ ಇದು ‘ಕಾಕಿ ಲಿಮಾ’. ಬಿಸಿಲು ಮಳೆಗಳೆರಡೂ ತೀವ್ರವಾಗಿರುವ ಊರಿನಲ್ಲಿ ಗಿರಾಕಿಯು ನೆನೆಯದೆ ಅಂಗಡಿಯಿಂದ ಅಂಗಡಿಗೆ ನಡೆಯಲು ಇದು ಅನುಕೂಲ ಕಲ್ಪಿಸಿತು. ಜಾಗ ಮಾಲೀಕನದು, ನಡೆಯುವ ಹಕ್ಕು ಸಾರ್ವಜನಿಕರದು.

ಈ ವ್ಯವಸ್ಥೆ ಘರ್ಷಣೆಯಿಲ್ಲದೆ ಉಳಿಯಲಿಲ್ಲ. ವರ್ತಕರು ಸರಕನ್ನು ಜಗಲಿಗೆ ತಂದರು; ಚಿಲ್ಲರೆ ಮಾರಾಟಗಾರರು ಅಲ್ಲೇ ಕುಳಿತರು. 1888ರಲ್ಲಿ ಪುರಸಭೆಯು ತೆರವಿಗೆ ಮುಂದಾದಾಗ ಅಂಗಡಿಗಳು ಮುಚ್ಚಿದವು, ಗಲಭೆಯೂ ಸಂಭವಿಸಿತು. ಬೀದಿ ವ್ಯಾಪಾರ ಮತ್ತು ಪಾದಚಾರಿಯ ಹಕ್ಕಿನ ನಡುವಿನ ತಿಕ್ಕಾಟ ಅಷ್ಟು ಹಳೆಯದು.

ಕಟ್ಟಡದ ಲೆಕ್ಕಾಚಾರ

ಅಂಗಡಿ-ಮನೆಯ ರಚನೆಯಲ್ಲಿ ವರ್ತಕನ ಮಿತವ್ಯಯ ಎದ್ದುಕಾಣುತ್ತದೆ. ಕೆಳಗೆ ಅಂಗಡಿ, ಮೇಲೆ ವಾಸ. ನೆರೆಯವರಿಬ್ಬರಿಗೂ ಒಂದೇ ಇಟ್ಟಿಗೆ ಗೋಡೆ. ತೊಲೆಗಳು ಗೋಡೆಯಿಂದ ಗೋಡೆಗೆ ಹಾಯುವುದರಿಂದ ಕಟ್ಟಡದ ಅಗಲ ಸಾಮಾನ್ಯವಾಗಿ 5ರಿಂದ 6 ಮೀಟರ್‌ಗಳಷ್ಟೇ. ಉದ್ದ ಮಾತ್ರ ಇದರ ಹಲವು ಪಟ್ಟು. ಇಕ್ಕೆಲದ ಗೋಡೆಗಳಲ್ಲಿ ಕಿಟಕಿಗೆ ಅವಕಾಶವಿಲ್ಲದ ಕಾರಣ ನಡುವೆ ಆಕಾಶಕ್ಕೆ ತೆರೆದ ಅಂಗಳವನ್ನು ಬಿಟ್ಟು ಗಾಳಿ ಬೆಳಕುಗಳನ್ನು ಒಳಕ್ಕೆ ತರಲಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ಸಮೃದ್ಧಿಯಲ್ಲಿ ಮುಂಭಾಗಗಳಿಗೆ ಗಾರೆಯ ಹೂಬಳ್ಳಿ, ಬಣ್ಣದ ಹೆಂಚುಬಿಲ್ಲೆಗಳು ಬಂದವು.

ಈ ಸೊಗಸಿನ ಹಿಂದೆ ಕಹಿಯೂ ಇದೆ. ಪಗೋಡ ಬೀದಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಕೂಲಿಯಾಳುಗಳ ವ್ಯಾಪಾರಕ್ಕೆ ಹೆಸರಾಗಿತ್ತು. ಚೀನಾದಿಂದ ಹಡಗಿನಲ್ಲಿ ಬಂದವರನ್ನು ಇಲ್ಲಿನ ಕಟ್ಟಡಗಳಲ್ಲಿ ತುಂಬಲಾಗುತ್ತಿತ್ತು. ಇಂತಹ ದೌರ್ಜನ್ಯಗಳ ನಿಯಂತ್ರಣಕ್ಕಾಗಿಯೇ 1877ರಲ್ಲಿ ಚೀನೀಯರ ರಕ್ಷಣಾ ಇಲಾಖೆ ಸ್ಥಾಪನೆಯಾಯಿತು.

ಬಾಡಿಗೆ ಮತ್ತು ಸಂರಕ್ಷಣೆ

ಎರಡನೆಯ ಮಹಾಯುದ್ಧದ ನಂತರ 1947ರ ಬಾಡಿಗೆ ನಿಯಂತ್ರಣ ಕಾನೂನು ಹಳೆಯ ಕಟ್ಟಡಗಳ ಬಾಡಿಗೆಯನ್ನು ಕಟ್ಟಿಹಾಕಿತು. ಬಡ ಬಾಡಿಗೆದಾರನಿಗೆ ಆಶ್ರಯವೇನೋ ದೊರೆಯಿತು. ಆದರೆ ದುರಸ್ತಿಗೆ ಹಣ ತೊಡಗಿಸಲು ಮಾಲೀಕನಿಗೆ ಕಾರಣವೇ ಉಳಿಯಲಿಲ್ಲ. ಮಹಡಿಗಳು ಹಲಗೆಯ ಗೂಡುಗಳಾಗಿ ವಿಭಜನೆಗೊಂಡವು, ಸೂರು ಸೋರತೊಡಗಿತು. 1983ರಲ್ಲಿ ಈ ಪ್ರದೇಶದ ಬೀದಿ ವ್ಯಾಪಾರಿಗಳು ಹೊಸ ಮಾರುಕಟ್ಟೆ ಸಂಕೀರ್ಣಕ್ಕೆ ಸ್ಥಳಾಂತರಗೊಂಡರು. 1989ರಲ್ಲಿ ಸರ್ಕಾರವು ಚೀನೀ ಪೇಟೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಇರುವುದನ್ನು ಗರಿಷ್ಠ ಮಟ್ಟದಲ್ಲಿ ಉಳಿಸುವುದು, ಸೂಕ್ಷ್ಮವಾಗಿ ಪುನರುಜ್ಜೀವಿಸುವುದು, ಎಚ್ಚರಿಕೆಯಿಂದ ದುರಸ್ತಿ ಮಾಡುವುದು ಇದರ ಸೂತ್ರ. ಬಾಡಿಗೆ ಕಾನೂನು 2001ರಲ್ಲಿ ರದ್ದಾಯಿತು.

ಗೋಡೆಗಳು ಉಳಿದವು, ಬೆಲೆಯೂ ಏರಿತು. ಆದರೆ ಮೇಲೆ ವಾಸಿಸಿ ಕೆಳಗೆ ದುಡಿಯುತ್ತಿದ್ದ ಕುಟುಂಬಗಳು ಬಹುಮಟ್ಟಿಗೆ ತೆರಳಿದವು. ಇಂದು ಪಗೋಡ ಬೀದಿಯಲ್ಲಿ ಪ್ರವಾಸಿಗರಿಗಾಗಿ ಸ್ಮರಣಿಕೆಗಳನ್ನು ಮಾರುವ ಅಂಗಡಿಗಳದೇ ಮೇಲುಗೈ. ಮೂರು ಅಂಗಡಿ-ಮನೆಗಳಲ್ಲಿ 2002ರಲ್ಲಿ ತೆರೆದ ಪರಂಪರಾ ಕೇಂದ್ರವು 1950ರ ದಶಕದ ದರ್ಜಿ ಅಂಗಡಿಯೊಂದನ್ನು, ಅದರ ಮೇಲಿನ ಇಕ್ಕಟ್ಟಾದ ಕೋಣೆಗಳನ್ನು ಮರುಸೃಷ್ಟಿಸಿತು. ಒಂದು ಕಾಲಕ್ಕೆ ಬೀದಿಯ ಉಸಿರಾಗಿದ್ದ ಕಸುಬು ಹೀಗೆ ನೋಟದ ವಸ್ತುವಾಯಿತು.

ಹಳೆಯ ಪೇಟೆಯನ್ನು ಉಳಿಸಬಯಸುವವರು ಇದರಿಂದ ಗ್ರಹಿಸಬೇಕಾದ ಅಂಶ ಸ್ಪಷ್ಟ. ಬಾಡಿಗೆ ತೀರಾ ಕಡಿಮೆಯಾದರೆ ಕಟ್ಟಡ ಕುಸಿಯುತ್ತದೆ. ಕೈಗೆಟುಕದಷ್ಟು ಏರಿದರೆ ಕಸುಬು ಖಾಲಿಯಾಗುತ್ತದೆ. ಇವೆರಡರ ನಡುವಣ ಹದವನ್ನು ಕಾಯ್ದುಕೊಳ್ಳುವುದು ಸರ್ಕಾರ, ಮಾಲೀಕ ಮತ್ತು ವರ್ತಕ ಮೂವರ ಹೊಣೆಯಾಗಿದೆ. ಮಳೆ ಬಂದಾಗ ದಾರಿಹೋಕರು ಪಗೋಡ ಬೀದಿಯ ಜಗಲಿಯ ಕೆಳಗೆ ಇಂದಿಗೂ ನಿಲ್ಲುತ್ತಾರೆ. ಎಲ್ಲರೂ ಐದೈದು ಅಡಿ ಬಿಟ್ಟುಕೊಟ್ಟ ಒಂದು ಹಳೆಯ ನಿಯಮ ಇನ್ನೂ ಫಲ ನೀಡುತ್ತಿದೆ.